ಚಿಕ್ಕ ಲಾಟ್‌ಗಳ ಕಾರ್ಖಾನೆಗೆ ನಮ್ಯ ಯಾಂತ್ರೀಕರಣ: ಸೆಟ್ಟಿಂಗಿನಿಂದ ಆರಂಭಿಸುವ ಕ್ರಮ

ಬೆಂಗಳೂರಿನ ಪೀಣ್ಯದಲ್ಲಿ ಎರಡು ಟರ್ನಿಂಗ್ ಸೆಂಟರ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಮತ್ತು ಒಂದೆರಡು ವಿಎಂಸಿ (ಟೂಲನ್ನು ತಿರುಗಿಸಿ ಕತ್ತರಿಸುವ, ಕೊರೆಯುವ ಯಂತ್ರ) ಇಟ್ಟುಕೊಂಡು, ವಾಲ್ವ್ ಬಾಡಿ, ಪಂಪ್ ಕವರ್, ಫ್ಲೇಂಜ್ ಮುಂತಾದ ಜಾಬ್‌ಗಳನ್ನು, ಅಂದರೆ ಬಿಡಿಭಾಗಗಳನ್ನು, ಇಪ್ಪತ್ತು, ನಲವತ್ತು, ಹೆಚ್ಚೆಂದರೆ ಇನ್ನೂರರ ಲಾಟ್‌ಗಳಲ್ಲಿ ಮಾಡಿಕೊಡುವ ಕಾರ್ಖಾನೆಗಳು ಬಹಳಷ್ಟಿವೆ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳವಾದ ಇಮ್‌ಟೆಕ್ಸ್ ನಡೆದಾಗಲೆಲ್ಲ ಇಂತಹ ಕಾರ್ಖಾನೆಯ ಮಾಲೀಕರು ಅಲ್ಲಿಗೆ ಹೋಗಿ, ರೋಬೋ ಒಂದು ಚಕ್ಕಿನಿಂದ (ಯಂತ್ರದಲ್ಲಿ ಜಾಬನ್ನು ಹಿಡಿದುಕೊಳ್ಳುವ ಭಾಗದಿಂದ) ಜಾಬ್ ತೆಗೆದು ಇನ್ನೊಂದನ್ನು ಇಡುವುದನ್ನು ನೋಡಿ ಬರುತ್ತಾರೆ. ಬಂದ ಮೇಲೆ ಯಾವ ರೋಬೋ ಕೊಳ್ಳಬೇಕೆಂದು ವಿಚಾರಿಸುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು ಒಂದು ಸಣ್ಣ ಲೆಕ್ಕವನ್ನು.

ನಲವತ್ತು ಜಾಬ್‌ಗಳ ಒಂದು ಲಾಟ್ ಇದೆ ಎಂದುಕೊಳ್ಳೋಣ. ಒಂದು ಜಾಬಿಗೆ 6 ನಿಮಿಷದಂತೆ ಯಂತ್ರ ಓಡುವ ಸಮಯ 240 ನಿಮಿಷ. ಹಿಂದಿನ ಜಾಬಿನ ಫಿಕ್ಸ್ಚರ್ (ಜಾಬನ್ನು ಮೇಜಿನ ಮೇಲೆ ಬಿಗಿದು ಹಿಡಿಯುವ ಚೌಕಟ್ಟು) ಬಿಚ್ಚಿ, ಹೊಸದನ್ನು ಕಟ್ಟಿ, ಡಯಲ್ ಗೇಜ್ ಹಿಡಿದು ನೇರಮಾಡಿ, ಟೂಲ್‌ಗಳನ್ನು ಮುಟ್ಟಿಸಿ, ಮೊದಲ ಜಾಬನ್ನು ಅಳೆದು ಸರಿಪಡಿಸುವುದಕ್ಕೆ ಸೆಟ್ಟಿಂಗ್ ಎನ್ನುತ್ತಾರೆ; ಅದಕ್ಕೆ 3 ಗಂಟೆ, ಅಂದರೆ 180 ನಿಮಿಷ. ಒಟ್ಟು 420 ನಿಮಿಷಗಳಲ್ಲಿ ಶೇ. 43ರಷ್ಟು ಕಾಲ ಯಂತ್ರ ಲೋಹವನ್ನೇ ಕತ್ತರಿಸಿಲ್ಲ. ಆಪರೇಟರ್ 40 ಸೆಕೆಂಡಿನಲ್ಲಿ ಜಾಬ್ ಬದಲಿಸುತ್ತಿದ್ದುದನ್ನು ರೋಬೋ 25 ಸೆಕೆಂಡಿನಲ್ಲಿ ಮಾಡಿದರೆ ಇಡೀ ಲಾಟಿನ ಮೇಲೆ ಉಳಿಯುವುದು 10 ನಿಮಿಷ. ಸೆಟ್ಟಿಂಗನ್ನು 20 ನಿಮಿಷಕ್ಕೆ ಇಳಿಸಿದರೆ ಉಳಿಯುವುದು 160 ನಿಮಿಷ. ರೋಬೋ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಈ ಕೆಲಸದ ಕೊನೆಯಲ್ಲಿ ಬರಬೇಕಾದದ್ದು. ಈ ಬರಹದಲ್ಲಿ ಹೇಳಹೊರಟಿರುವುದು ಅದಕ್ಕೆ ಮೊದಲು ಮಾಡಿ ಮುಗಿಸಬೇಕಾದ ಕೆಲಸಗಳನ್ನು, ಮಾಡಬೇಕಾದ ಕ್ರಮದಲ್ಲಿ.

ನಮ್ಯ ಎಂದರೆ ಏನು

ಒಂದೇ ಜಾಬನ್ನು ಲಕ್ಷಗಟ್ಟಲೆ ಮಾಡಲು ಕಟ್ಟಿದ ಟ್ರಾನ್ಸ್‌ಫರ್ ಲೈನ್ (ಜಾಬ್ ಒಂದರಿಂದ ಇನ್ನೊಂದಕ್ಕೆ ಸಾಗುವ ಯಂತ್ರಗಳ ಸಾಲು) ಸ್ಥಿರ ಯಾಂತ್ರೀಕರಣ. ಜಾಬ್ ಬದಲಾದರೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಪ್ರೋಗ್ರಾಂ ಬದಲಿಸಿ ಬೇರೆ ಜಾಬ್ ಮಾಡಬಲ್ಲ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇದ್ದರೂ, ಎರಡು ಲಾಟ್‌ಗಳ ನಡುವೆ ಅದು ನಿಲ್ಲುತ್ತದೆ. ಆ ನಿಲುಗಡೆಯೇ ಇಲ್ಲದಂತೆ, ಅಥವಾ ಇದ್ದೂ ಇಲ್ಲವೆನ್ನುವಷ್ಟು ಚಿಕ್ಕದಾಗುವಂತೆ, ಬೇರೆ ಬೇರೆ ಜಾಬ್‌ಗಳು ಒಂದರ ಹಿಂದೊಂದು ಯಾವ ಕ್ರಮದಲ್ಲಿ ಬಂದರೂ ಮಾಡಬಲ್ಲ ವ್ಯವಸ್ಥೆಯನ್ನು ಮಾತ್ರ ನಮ್ಯ ಯಾಂತ್ರೀಕರಣ ಎನ್ನಬೇಕು. ನಿಮ್ಮಲ್ಲಿ ಸಿಎನ್‌ಸಿ ಇದೆ ಎಂದಾಕ್ಷಣ ಅದು ಬಂದಂತಾಗುವುದಿಲ್ಲ.

ಈ ವಿಚಾರ ಹೊಸದೇನೂ ಅಲ್ಲ. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಸಂಖ್ಯಾ ನಿಯಂತ್ರಣದ ಮಿಲ್ಲಿಂಗ್ ಯಂತ್ರವನ್ನು ಜನರೆದುರು ಓಡಿಸಿ ತೋರಿಸಿದ ಮೇಲೆ, ಆ ದಶಕ ಮುಗಿದು 1960ರ ದಶಕ ಕಳೆಯುವುದರೊಳಗೆ ಲಂಡನ್ನಿನ ಮೋಲಿನ್ಸ್ ಕಂಪನಿಯಲ್ಲಿ ಥಿಯೋ ವಿಲಿಯಮ್ಸನ್ ಅವರು ‘ಸಿಸ್ಟಂ 24’ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿದ್ದರು. ಹಗಲು ಪಾಳಿಯಲ್ಲಿ ಜನರು ಪ್ಯಾಲೆಟ್‌ಗಳ (ಯಂತ್ರದೊಳಗೆ ಹೋಗಿ ಬರುವ ಹಲಗೆಗಳ) ಮೇಲೆ ಜಾಬ್ ಕಟ್ಟಿಡುವುದು, ರಾತ್ರಿಯೆಲ್ಲ ಯಂತ್ರಗಳೇ ಅವನ್ನು ತೆಗೆದುಕೊಂಡು ಮಾಡುವುದು ಅದರ ಗುರಿ. 24 ಗಂಟೆ ಎಂಬುದರಿಂದಲೇ ಆ ಹೆಸರು. ಅಂದಿನ ಕಂಪ್ಯೂಟರಿಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ. ಇಂದು ಒಂದು ಸಾಧಾರಣ ವಿಎಂಸಿಯ ನಿಯಂತ್ರಕಕ್ಕೆ ಆ ಶಕ್ತಿ ಇದೆ. ಹಗಲು ಕಟ್ಟಿಟ್ಟು ರಾತ್ರಿ ಓಡಿಸುವ ಆ ಮೂಲ ಆಲೋಚನೆಯನ್ನೇ ನಾವೂ ಇಲ್ಲಿ ಅನುಸರಿಸಲಿದ್ದೇವೆ.

ಮೊದಲ ತಿಂಗಳು: ಬರೆದಿಡುವುದು ಮಾತ್ರ

ಏನನ್ನೂ ಕೊಳ್ಳದೆ, ಏನನ್ನೂ ಬದಲಿಸದೆ, ಒಂದು ತಿಂಗಳ ಕಾಲ ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಯಂತ್ರ ಐದು ನಿಮಿಷಕ್ಕಿಂತ ಹೆಚ್ಚು ನಿಂತಾಗಲೆಲ್ಲ ಯಾವಾಗ ನಿಂತಿತು, ಯಾವಾಗ ಹೊರಟಿತು, ಯಾಕೆ ನಿಂತಿತು ಎಂಬ ಮೂರು ಸಂಗತಿಗಳನ್ನು ಆಪರೇಟರ್ ಬರೆಯಲಿ. ಯಂತ್ರದಿಂದಲೇ ಮಾಹಿತಿ ಎಳೆಯುವ ಸಾಫ್ಟ್‌ವೇರ್‌ಗಳಿವೆ. ಯಂತ್ರ ನಿಂತಿದೆ ಎಂಬುದನ್ನು ಅವು ಸೆಕೆಂಡಿನ ನಿಖರತೆಯಲ್ಲಿ ಹೇಳುತ್ತವೆ. ಆದರೆ ಅಲೆನ್ ಕೀ ಹುಡುಕಲು ಹೋಗಿದ್ದರಿಂದ ನಿಂತಿತೋ, ಇನ್‌ಸ್ಪೆಕ್ಷನ್‌ನವರು ಊಟಕ್ಕೆ ಹೋಗಿದ್ದರಿಂದ ನಿಂತಿತೋ ಎಂಬುದನ್ನು ಬರೆಯಬಲ್ಲವನು ಆಪರೇಟರ್ ಮಾತ್ರ. ಬರೆದದ್ದನ್ನು ಹಿಡಿದು ಯಾರನ್ನೂ ಗದರಿಸುವುದಿಲ್ಲವೆಂದು ಮೊದಲೇ ಮಾತು ಕೊಟ್ಟು, ಅದನ್ನು ಉಳಿಸಿಕೊಳ್ಳಿ. ಒಮ್ಮೆ ಗದರಿಸಿದರೆ ಮರುದಿನದಿಂದ ಪುಟದ ತುಂಬ ‘ಕರೆಂಟ್ ಇಲ್ಲ’ ಎಂದೇ ಇರುತ್ತದೆ.

ತಿಂಗಳ ಕೊನೆಗೆ ಸೆಟ್ಟಿಂಗಿನ ಸಮಯವನ್ನು ಎರಡು ಭಾಗ ಮಾಡಿ: ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಒಂದು, ಯಂತ್ರ ಹಿಂದಿನ ಲಾಟನ್ನು ಓಡಿಸುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮಾಡಿಡಬಹುದಾದ ಕೆಲಸ ಇನ್ನೊಂದು. ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೋ ಅವರು ಟೊಯೊಟಾದ 1000 ಟನ್ ಪ್ರೆಸ್ಸಿನ ಡೈ (ಅಚ್ಚು) ಬದಲಾವಣೆಯನ್ನು ನಾಲ್ಕು ಗಂಟೆಗಳಿಂದ ಮೊದಲು ಒಂದೂವರೆ ಗಂಟೆಗೆ, ಬಳಿಕ ಮೂರು ನಿಮಿಷಕ್ಕೆ ಇಳಿಸಿದ್ದು ಈ ವಿಂಗಡಣೆಯಿಂದಲೇ. ಟೂಲ್ ಹುಡುಕುವುದು, ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಣುಕು) ಬದಲಿಸುವುದು, ಜಾ (ಚಕ್ಕಿನ ಹಿಡಿಯುವ ಹಲ್ಲು) ತರುವುದು, ಡ್ರಾಯಿಂಗ್ ಓದುವುದು, ಪ್ರೋಗ್ರಾಂ ಹಾಕುವುದು, ಇವೆಲ್ಲ ಎರಡನೆಯ ಭಾಗಕ್ಕೆ ಸೇರಿದವು. ಇವನ್ನು ಯಂತ್ರದಿಂದ ಆಚೆಗೆ ಸಾಗಿಸಿದರೆ ಸಾಕು, ಬಿಡಿಗಾಸು ಖರ್ಚಿಲ್ಲದೆ ಸೆಟ್ಟಿಂಗಿನ ದೊಡ್ಡ ಪಾಲು ಇಳಿಯುತ್ತದೆ.

ಸೆಟ್ಟಿಂಗ್ ಇಳಿದರೆ ಲಾಟ್ ಎಷ್ಟು ಚಿಕ್ಕದಾಗಬಹುದು ಎಂಬುದಕ್ಕೂ ಒಂದು ಲೆಕ್ಕವಿದೆ. ಮಿತವ್ಯಯದ ಲಾಟಿನ ಗಾತ್ರ ಸೆಟ್ಟಿಂಗಿನ ವೆಚ್ಚದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 180 ನಿಮಿಷ 20 ನಿಮಿಷವಾದರೆ ವೆಚ್ಚ ಹೆಚ್ಚುಕಡಿಮೆ ಒಂಬತ್ತನೆಯ ಒಂದು ಪಾಲಾಗುತ್ತದೆ, ಲಾಟ್ ಮೂರನೆಯ ಒಂದು ಪಾಲಾಗಬಹುದು. ನೂರಿಪ್ಪತ್ತರ ಲಾಟಿಗಾಗಿ ಗಿರಾಕಿಯನ್ನು ಕಾಯಿಸುತ್ತಿದ್ದವರು ನಲವತ್ತಕ್ಕೆ ಒಪ್ಪಿಕೊಳ್ಳಬಹುದು. ಶೆಲ್ಫಿನಲ್ಲಿ ತುಕ್ಕು ಹಿಡಿಯುತ್ತಿದ್ದ ಹಣವೂ ಅಷ್ಟರಮಟ್ಟಿಗೆ ಕೈಗೆ ಬರುತ್ತದೆ.

ಜಾಬ್‌ಗಳನ್ನು ಕುಟುಂಬಗಳಾಗಿ ವಿಂಗಡಿಸುವುದು

ಕಾರ್ಖಾನೆಗೆ ಬರುವ ಎಲ್ಲ ಜಾಬ್‌ಗಳನ್ನೂ ಒಂದೇ ವ್ಯವಸ್ಥೆಗೆ ಒಗ್ಗಿಸಹೊರಟರೆ ಕೆಲಸ ಕೆಡುತ್ತದೆ. ಕಳೆದ ಒಂದು ವರ್ಷದ ಡ್ರಾಯಿಂಗ್‌ಗಳನ್ನು ಮೇಜಿನ ಮೇಲೆ ಹರಡಿ, ಹೊರ ಆಕಾರವನ್ನು ನೋಡದೆ ಮೂರು ಪ್ರಶ್ನೆಗಳನ್ನು ಕೇಳಿ: ಎಲ್ಲಿ ಹಿಡಿಯುತ್ತೇವೆ, ಯಾವ ಮುಖದಿಂದ ಅಳತೆ ಆರಂಭವಾಗುತ್ತದೆ, ಯಾವ ಟೂಲ್‌ಗಳು ಬೇಕು? ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಪಂಪ್ ಕವರ್ ಮತ್ತು ಗೇರ್ ಬಾಕ್ಸ್ ಮುಚ್ಚಳ ಒಂದೇ ರೀತಿ ಹಿಡಿಯುವ, ಒಂದೇ ಟೂಲ್‌ಗಳಿಂದ ಮುಗಿಯುವ ಜಾಬ್‌ಗಳಾಗಿರಬಹುದು. ಅವು ಒಂದೇ ಕುಟುಂಬ. ಮೊದಲ ಹಂತಕ್ಕೆ ಆರರಿಂದ ಹನ್ನೆರಡು ಜಾಬ್‌ಗಳಿರುವ, ವರ್ಷವಿಡೀ ಮರುಕಳಿಸುವ ಒಂದೇ ಕುಟುಂಬವನ್ನು ಆಯ್ದುಕೊಳ್ಳಿ. ವಸ್ತುವೂ ಒಂದೇ ಆದರೆ ಒಳ್ಳೆಯದು: ಅಲ್ಯುಮಿನಿಯಂ ಮತ್ತು ಎರಕದ ಕಬ್ಬಿಣ ಒಂದೇ ಯಂತ್ರದಲ್ಲಿ ಬೆರೆತರೆ ಕೂಲಂಟ್ (ಕತ್ತರಿಸುವಾಗ ತಂಪಾಗಿಸುವ ದ್ರವ) ಕೆಡುತ್ತದೆ, ಚಿಪ್ಸ್ (ಕತ್ತರಿಸಿ ಬೀಳುವ ಲೋಹದ ಚೂರು) ಮಾರಾಟದ ಬೆಲೆಯೂ ಕೆಡುತ್ತದೆ.

ಫಿಕ್ಸ್ಚರ್ ಮತ್ತು ಸೊನ್ನೆ

ಈ ಕೆಲಸದ ಹೃದಯ ಇಲ್ಲಿದೆ. ಆದ್ದರಿಂದ ಸಮಯ, ಹಣ, ತಾಳ್ಮೆ ಮೂರನ್ನೂ ಇಲ್ಲಿ ಧಾರಾಳವಾಗಿ ಖರ್ಚು ಮಾಡಿ. ಫಿಕ್ಸ್ಚರ್ ಬದಲಿಸಿದಾಗ ಸಮಯ ತಿನ್ನುವುದು ಬೋಲ್ಟ್ ಬಿಚ್ಚುವ ಕೆಲಸವಲ್ಲ. ಹೊಸ ಫಿಕ್ಸ್ಚರ್ ಎಲ್ಲಿ ಕೂತಿದೆ ಎಂದು ಮತ್ತೆ ಹುಡುಕುವ ಕೆಲಸ. ಫಿಕ್ಸ್ಚರ್ ಪ್ರತಿ ಬಾರಿಯೂ ಅದೇ ಜಾಗದಲ್ಲಿ ಕೂರುತ್ತದೆ ಎಂಬ ಭರವಸೆ ಇದ್ದರೆ ಹುಡುಕಬೇಕಾಗಿಯೇ ಇಲ್ಲ.

ಅದಕ್ಕಾಗಿ ಯಂತ್ರದ ಮೇಜಿನ ಮೇಲೆ ಒಂದು ಬೇಸ್ ಪ್ಲೇಟನ್ನು ಶಾಶ್ವತವಾಗಿ ಕೂರಿಸಿ, ಅದರಲ್ಲಿ ಜೀರೋ ಪಾಯಿಂಟ್ ಕ್ಲ್ಯಾಂಪ್‌ಗಳನ್ನು ಅಳವಡಿಸಬೇಕು. ಪ್ರತಿ ಫಿಕ್ಸ್ಚರಿನ ಅಡಿಯಲ್ಲೂ ಅವಕ್ಕೆ ಹೊಂದುವ ಗೂಟಗಳಿರುತ್ತವೆ. ಗಾಳಿಯ ಒತ್ತಡ ಕೊಟ್ಟರೆ ಕ್ಲ್ಯಾಂಪ್ ಬಿಡುತ್ತದೆ. ಗಾಳಿ ತೆಗೆದರೆ ಒಳಗಿನ ಸ್ಪ್ರಿಂಗ್‌ಗಳು ಗೂಟವನ್ನು ಎಳೆದು ಹಿಡಿಯುತ್ತವೆ, ಹಾಗಾಗಿ ಕಂಪ್ರೆಸರ್ ಕೈಕೊಟ್ಟರೂ ಜಾಬ್ ಸಡಿಲವಾಗದು. ಒಳ್ಳೆಯ ಕ್ಲ್ಯಾಂಪ್‌ಗಳು ಫಿಕ್ಸ್ಚರನ್ನು ತೆಗೆದು ಮತ್ತೆ ಇಟ್ಟಾಗ 0.005 ಮಿ.ಮೀ. ಒಳಗೆ ಮೊದಲಿನ ಜಾಗಕ್ಕೇ ತರುತ್ತವೆ. ಇದನ್ನು ತಯಾರಕರ ಮಾತಿನ ಮೇಲೆ ನಂಬಬೇಡಿ. ಕೂರಿಸಿದ ದಿನ ಡಯಲ್ ಇಟ್ಟು ಇಪ್ಪತ್ತು ಬಾರಿ ತೆಗೆದು ಹಾಕಿ, ಇಪ್ಪತ್ತೂ ಓದುಗಳನ್ನು ಬರೆದಿಟ್ಟುಕೊಂಡು, ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ಹೋಲಿಸಿ. ಕ್ಲ್ಯಾಂಪ್‌ಗಳನ್ನು ಕೊಳ್ಳುವಷ್ಟು ಹಣ ಈಗಲೇ ಇಲ್ಲವೆಂದರೆ, ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ ಎರಡು ಡೋವೆಲ್ ಪಿನ್‌ಗಳು ಮತ್ತು ನಾಲ್ಕು ಬೋಲ್ಟ್‌ಗಳಿಂದಲೂ ಆರಂಭಿಸಬಹುದು. ಎರಡು ಪಿನ್‌ಗಳಲ್ಲಿ ಒಂದು ದುಂಡಗಿರಲಿ, ಇನ್ನೊಂದು ಎರಡೂ ಬದಿ ಕೊರೆದ ವಜ್ರಾಕಾರದ್ದಾಗಿರಲಿ. ಎರಡೂ ದುಂಡಗಿದ್ದರೆ ಫಿಕ್ಸ್ಚರ್ ಬಿಸಿಯಾದ ದಿನ ಕೂರುವುದೇ ಇಲ್ಲ.

ಬಿಸಿಯ ಮಾತು ಬಂದದ್ದರಿಂದ ಇದನ್ನೂ ಇಲ್ಲಿಯೇ ಹೇಳಬೇಕು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ, ಅಲ್ಯುಮಿನಿಯಂ ಸುಮಾರು 23 ಮೈಕ್ರಾನ್. 100 ಮಿ.ಮೀ. ಉದ್ದದ ಅಲ್ಯುಮಿನಿಯಂ ಜಾಬ್ ಬೆಳಗ್ಗೆಗಿಂತ ಮಧ್ಯಾಹ್ನ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 23 ಮೈಕ್ರಾನ್ ಉದ್ದವಾಗಿರುತ್ತದೆ. ಶೀಟ್ ಛಾವಣಿಯ ಶೆಡ್ಡಿನಲ್ಲಿ ಇಷ್ಟು ವ್ಯತ್ಯಾಸ ಸಾಧಾರಣ. ಸೆಟ್ಟಿಂಗ್ ಮಾಡುವ ಸೆಟ್ಟರ್ ಎದುರಿಗಿದ್ದಾಗ ತನ್ನ ಅನುಭವದಿಂದ ಮಧ್ಯಾಹ್ನ ಆಫ್‌ಸೆಟ್ಟನ್ನು (ನಿಯಂತ್ರಕದಲ್ಲಿನ ತಿದ್ದುಪಡಿಯ ಸಂಖ್ಯೆಯನ್ನು) ಒಂದೆರಡು ಸಲ ಮುಟ್ಟುತ್ತಾನೆ, ಯಾರಿಗೂ ಹೇಳುವುದಿಲ್ಲ, ಜಾಬ್ ಸರಿಯಾಗಿ ಬರುತ್ತದೆ. ಯಂತ್ರ ತಾನೇ ಓಡುವಾಗ ಆ ಕೈ ಅಲ್ಲಿರುವುದಿಲ್ಲ. ಆದ್ದರಿಂದ ಬೇಸ್ ಪ್ಲೇಟ್ ಉಕ್ಕಿನದೇ ಆಗಿರಲಿ, ಅಳತೆಯ ಮೂಲ ಅದರ ಒಂದು ತುದಿಯಲ್ಲಿರದೆ ನಡುವಿನಲ್ಲಿರಲಿ, ಯಂತ್ರವನ್ನು ಪ್ರತಿ ಬೆಳಗ್ಗೆ ಕಾಲು ಗಂಟೆ ಖಾಲಿ ಓಡಿಸಿ ಬೆಚ್ಚಗಾಗಿಸಿ.

ಸೊನ್ನೆಯನ್ನು, ಅಂದರೆ ಅಳತೆಯ ಮೂಲ ಬಿಂದುವನ್ನು, ಹೇಗೆ ಇಡಬೇಕು ಎಂಬುದರಲ್ಲಿ ಎರಡು ಪದ್ಧತಿಗಳಿವೆ. ಪ್ರತಿ ಫಿಕ್ಸ್ಚರಿಗೂ ಬೇರೆ ವರ್ಕ್ ಆಫ್‌ಸೆಟ್ (ಜಾಬಿನ ಸೊನ್ನೆ ಎಲ್ಲಿದೆ ಎಂದು ಹೇಳುವ ಸಂಖ್ಯೆಗಳು) ಕೊಡುವುದು ಒಂದು. ಜಿ54ರಿಂದ ಜಿ59ರವರೆಗೆ ಆರು ಇವೆ, ಹೆಚ್ಚು ಬೇಕಾದರೆ ಫ್ಯಾನಕ್ ಕಂಪನಿಯ ನಿಯಂತ್ರಕದಲ್ಲಿ ಜಿ54.1ರ ಜೊತೆ ಪಿ1ರಿಂದ ಪಿ48ರವರೆಗೆ ಬಳಸಬಹುದು. ಇನ್ನೊಂದು, ಬೇಸ್ ಪ್ಲೇಟಿನ ನಡುವಿನ ಬಿಂದುವೊಂದನ್ನೇ ಜಿ54 ಎಂದು ನಿಗದಿ ಮಾಡಿ ಅದನ್ನು ಎಂದೂ ಮುಟ್ಟದೆ, ಪ್ರತಿ ಫಿಕ್ಸ್ಚರಿನಲ್ಲಿ ಜಾಬ್ ಆ ಬಿಂದುವಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಪ್ರೋಗ್ರಾಮಿನೊಳಗೇ ಬರೆಯುವುದು. ನನ್ನ ಆಯ್ಕೆ ಎರಡನೆಯದು. ಯಂತ್ರ ಎಲ್ಲಾದರೂ ಬಡಿದು ಮೇಜು ಸ್ವಲ್ಪ ಸರಿದರೆ ಆಗ ಸರಿಪಡಿಸಬೇಕಾದ್ದು ಒಂದೇ ಸಂಖ್ಯೆ; ಹದಿನೈದು ಫಿಕ್ಸ್ಚರ್‌ಗಳನ್ನು ಹದಿನೈದು ಸಲ ಹುಡುಕುವ ಸಂಕಟವಿಲ್ಲ.

ಟೂಲ್‌ಗಳು

ಆಯ್ದ ಕುಟುಂಬದ ಎಲ್ಲ ಜಾಬ್‌ಗಳಿಗೂ ಬೇಕಾದ ಟೂಲ್‌ಗಳನ್ನು ಪಟ್ಟಿ ಮಾಡಿದರೆ ಮೊದಲು ಅರವತ್ತರ ಹತ್ತಿರ ಹೋಗಬಹುದು, ಆದರೆ ವಿಎಂಸಿಯ ಮ್ಯಾಗಜೀನಿನಲ್ಲಿ (ಟೂಲ್‌ಗಳನ್ನು ಜೋಡಿಸಿಡುವ ಭಾಗದಲ್ಲಿ) ಇರುವುದು ಸಾಮಾನ್ಯವಾಗಿ ಇಪ್ಪತ್ತೋ ಇಪ್ಪತ್ತನಾಲ್ಕೋ ಜಾಗ. ಇಲ್ಲಿ ಪಟ್ಟಿಯೊಂದಿಗೆ ಜಗಳವಾಡಿ. 6.6 ಮತ್ತು 6.8 ಮಿ.ಮೀ. ಡ್ರಿಲ್‌ಗಳು ಎರಡೂ ಬೇಕೇ, ಗಿರಾಕಿಯ ಡಿಸೈನ್ ವಿಭಾಗದವರನ್ನು ಕೇಳಿದರೆ ಒಂದಕ್ಕೆ ಒಪ್ಪುತ್ತಾರೆಯೇ? ಬಹಳ ಸಲ ಒಪ್ಪುತ್ತಾರೆ, ಕೇಳುವವರಿರುವುದಿಲ್ಲ ಅಷ್ಟೇ. ಉಳಿದ ಟೂಲ್‌ಗಳಿಗೆ ಶಾಶ್ವತ ಸಂಖ್ಯೆ ಕೊಡಿ: ಐದನೆಯ ಜಾಗದಲ್ಲಿ 10 ಮಿ.ಮೀ. ಎಂಡ್ ಮಿಲ್ ಎಂದರೆ ಎಲ್ಲ ಪ್ರೋಗ್ರಾಂಗಳಲ್ಲೂ, ಎಲ್ಲ ದಿನವೂ ಅದೇ.

ಹೆಚ್ಚು ಸವೆಯುವ ಎರಡು ಮೂರು ಟೂಲ್‌ಗಳಿಗೆ ಜೋಡಿ ಟೂಲನ್ನು ಮ್ಯಾಗಜೀನಿನಲ್ಲಿಯೇ ಇಟ್ಟು, ನಿಯಂತ್ರಕದ ಟೂಲ್ ಲೈಫ್ ವ್ಯವಸ್ಥೆಯಲ್ಲಿ ಎಷ್ಟು ಜಾಬ್ ಆದ ಮೇಲೆ ಜೋಡಿಗೆ ಹೋಗಬೇಕೆಂದು ಬರೆಯಿರಿ. ಆ ಸಂಖ್ಯೆಯನ್ನು ಕ್ಯಾಟಲಾಗಿನಿಂದ ತೆಗೆದುಕೊಳ್ಳದೆ, ನಿಮ್ಮ ಜಾಬಿನ ಮೇಲೆ ಐದು ಇನ್ಸರ್ಟ್‌ಗಳನ್ನು ಸವೆಯುವವರೆಗೆ ಓಡಿಸಿ, ಎಲ್ಲಕ್ಕಿಂತ ಬೇಗ ಸೋತದ್ದರ ಮುಕ್ಕಾಲು ಪಾಲನ್ನು ಮಿತಿಯಾಗಿ ಇಡಿ. ರಾತ್ರಿಯ ಓಟಕ್ಕೆ ಕಟಿಂಗ್ ಸ್ಪೀಡನ್ನು ಶೇ. 10ರಷ್ಟು ಇಳಿಸುವುದು ಒಳ್ಳೆಯ ಅಭ್ಯಾಸ. ಕಟಿಂಗ್ ಸ್ಪೀಡಿಗೂ ಟೂಲಿನ ಆಯುಸ್ಸಿಗೂ ಇರುವ ಸಂಬಂಧವನ್ನು ಹೇಳುವ ಟೇಲರ್ ಸೂತ್ರದಲ್ಲಿ ಕಾರ್ಬೈಡ್ ಟೂಲಿನ ಘಾತ ಸುಮಾರು 0.25 ಎಂದು ಹಿಡಿದರೆ, ಇಷ್ಟು ಚಿಕ್ಕ ಇಳಿಕೆಯಿಂದ ಟೂಲಿನ ಆಯುಸ್ಸು ಒಂದೂವರೆ ಪಟ್ಟಾಗುತ್ತದೆ. ಹಗಲಿನಲ್ಲಿ ಆ ಶೇ. 10 ನಷ್ಟವೆನಿಸಬಹುದು; ರಾತ್ರಿ ಎರಡು ಗಂಟೆಗೆ ಇನ್ಸರ್ಟ್ ಮುರಿದು ಬೆಳಗಿನವರೆಗೆ ಯಂತ್ರ ನಿಲ್ಲುವುದಕ್ಕಿಂತ ಅದು ಲಾಭ.

ಯಾವ ಫಿಕ್ಸ್ಚರ್ ಬಂದಿದೆ ಎಂದು ಯಂತ್ರ ತಾನೇ ತಿಳಿಯುವುದು

ತಪ್ಪು ಪ್ರೋಗ್ರಾಮನ್ನು ತಪ್ಪು ಫಿಕ್ಸ್ಚರಿನ ಮೇಲೆ ಓಡಿಸುವುದು ಇಂತಹ ವ್ಯವಸ್ಥೆಯ ಅತಿ ದೊಡ್ಡ ಅಪಾಯ. ದುಬಾರಿಯಾದ ಆರ್‌ಎಫ್‌ಐಡಿ ಚಿಪ್ (ರೇಡಿಯೊ ಅಲೆಗಳಿಂದ ಗುರುತು ಹೇಳುವ ಸಾಧನ) ಕೂಲಂಟಿನಲ್ಲಿ ಬಾಳುವುದು ನಿಜ, ಆದರೆ ಚಿಕ್ಕ ಕಾರ್ಖಾನೆಗೆ ಅದಕ್ಕಿಂತ ಸುಲಭವಾದ ದಾರಿಯೊಂದಿದೆ. ಬೇಸ್ ಪ್ಲೇಟಿನ ಅಂಚಿನಲ್ಲಿ ಲೋಹ ಹತ್ತಿರ ಬಂದರೆ ತಿಳಿಸುವ ಐದು ಪ್ರಾಕ್ಸಿಮಿಟಿ ಸ್ವಿಚ್‌ಗಳನ್ನು ಸಾಲಾಗಿ ಕೂರಿಸಿ. ಪ್ರತಿ ಫಿಕ್ಸ್ಚರಿನ ಅಡಿಯಲ್ಲಿ ಅವುಗಳ ಎದುರಿಗೆ ಬರುವ ಐದು ತೂತುಗಳಿರಲಿ. ಕೆಲವಕ್ಕೆ ಉಕ್ಕಿನ ಪಿನ್ ಹಾಕಿ, ಕೆಲವನ್ನು ಖಾಲಿ ಬಿಡಿ. ಮೊದಲ ನಾಲ್ಕು ತೂತುಗಳಿಂದ ಹದಿನಾರು ಸಂಕೇತಗಳಾಗುತ್ತವೆ. ಎಲ್ಲವೂ ಖಾಲಿ ಎಂಬುದನ್ನು ಫಿಕ್ಸ್ಚರ್ ಇಲ್ಲ ಎಂಬುದಕ್ಕೆ ಮೀಸಲಿಟ್ಟರೆ ಹದಿನೈದು ಫಿಕ್ಸ್ಚರ್‌ಗಳಿಗೆ ಹೆಸರು ಸಿಕ್ಕಿತು. ಐದನೆಯದು ಕಾವಲುಗಾರ: ಒಟ್ಟು ಪಿನ್‌ಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ಅದನ್ನು ಹಾಕಬೇಕು ಅಥವಾ ಬಿಡಬೇಕು. ಒಂದು ಸ್ವಿಚ್ ಕೆಟ್ಟರೆ, ಅಥವಾ ಉಕ್ಕಿನ ಚೂರೊಂದು ಸ್ವಿಚ್ಚಿನ ಮುಖಕ್ಕೆ ಅಂಟಿ ಇಲ್ಲದ ಪಿನ್ನನ್ನು ಇದೆಯೆಂದು ತೋರಿಸಿದರೆ, ಎಣಿಕೆ ಬೆಸವಾಗಿ ತಪ್ಪು ತಕ್ಷಣ ಬಯಲಾಗುತ್ತದೆ.

ಫ್ಯಾನಕ್ ಮಾದರಿಯ ನಿಯಂತ್ರಕಗಳಲ್ಲಿ, ಯಂತ್ರ ತಯಾರಕರು ಲ್ಯಾಡರಿನಲ್ಲಿ (ಸ್ವಿಚ್‌ಗಳನ್ನು ನಿಯಂತ್ರಕಕ್ಕೆ ಹೊಂದಿಸುವ ಪ್ರೋಗ್ರಾಮಿನಲ್ಲಿ) ಸೇರಿಸಿಕೊಟ್ಟರೆ, ಈ ಸ್ವಿಚ್‌ಗಳನ್ನು 1000ನೆಯ ಸಂಖ್ಯೆಯಿಂದ ಆರಂಭವಾಗುವ ಸಿಸ್ಟಂ ವೇರಿಯಬಲ್‌ಗಳಾಗಿ (ನಿಯಂತ್ರಕದೊಳಗೆ ಸಂಖ್ಯೆ ಇಡುವ ಸ್ಥಾನಗಳಾಗಿ) ಒಂದೊಂದಾಗಿಯೋ, 1032ನೆಯದರಲ್ಲಿ ಒಟ್ಟಾಗಿಯೋ ಓದಬಹುದು. ಮುಖ್ಯ ಪ್ರೋಗ್ರಾಂ ತೀರ ಚಿಕ್ಕದಾಗಿರಲಿ. ಅದು ಸಂಕೇತವನ್ನು ಓದುತ್ತದೆ. ಎಣಿಕೆ ಬೆಸವಾಗಿದ್ದರೆ 3000ನೆಯ ವೇರಿಯಬಲ್ ಮೂಲಕ ಅಲಾರಂ ಎಬ್ಬಿಸಿ ನಿಲ್ಲುತ್ತದೆ. ಸರಿಯಿದ್ದರೆ ಆ ಸಂಖ್ಯೆಗೆ ಹೊಂದುವ ಉಪಪ್ರೋಗ್ರಾಮನ್ನು ಎಂ98 ಎಂಬ ಆದೇಶದಿಂದ ಕರೆಯುತ್ತದೆ. ನಿಯಂತ್ರಕವು ಪ್ರೋಗ್ರಾಮಿನ ಸಾಲುಗಳನ್ನು ಓಡಿಸುವುದಕ್ಕೆ ಮೊದಲೇ ಮುಂಗಡವಾಗಿ ಓದಿಟ್ಟುಕೊಳ್ಳುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಫಿಕ್ಸ್ಚರ್ ಬದಲಾಗುವ ಮೊದಲೇ ಹಳೆಯ ಫಿಕ್ಸ್ಚರಿನ ಸಂಕೇತವನ್ನು ಓದಿಬಿಟ್ಟರೆ ಅನಾಹುತವಾದೀತು. ಆದ್ದರಿಂದ ಓದುವ ಸಾಲಿಗೆ ಮೊದಲು ಮುಂಗಡ ಓದನ್ನು ತಡೆಯುವ ಆದೇಶ ಇರಲೇಬೇಕು. ಅದು ಯಾವುದೆಂದು ನಿಮ್ಮ ನಿಯಂತ್ರಕದ ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಎಷ್ಟು ಜಾಬ್ ಆಯಿತೆಂಬಂತಹ ಎಣಿಕೆಗಳನ್ನು 100ರಿಂದ 199ರವರೆಗಿನ ವೇರಿಯಬಲ್‌ಗಳಲ್ಲಿ ಇಟ್ಟರೆ ಕರೆಂಟ್ ಹೋದಾಗ ಅಳಿಸಿಹೋಗುತ್ತವೆ. 500ರ ನಂತರದವುಗಳಲ್ಲಿ ಇಟ್ಟರೆ ಉಳಿಯುತ್ತವೆ.

ಅಳತೆ ಮತ್ತು ತಿದ್ದುಪಡಿ

ಸ್ಪಿಂಡಲಿಗೆ (ಟೂಲ್ ಹಿಡಿದು ತಿರುಗುವ ಭಾಗಕ್ಕೆ) ಸಿಕ್ಕಿಸುವ, ಮುಟ್ಟಿ ಅಳೆಯುವ ಟಚ್ ಪ್ರೋಬ್ ಜಾಬ್ ಸರಿಯಾಗಿ ಕೂತಿದೆಯೇ, ಎರಕದ ಹೆಚ್ಚುವರಿ ದಪ್ಪ ಮಿತಿಯೊಳಗಿದೆಯೇ ಎಂದು ನೋಡಲು ಬಹಳ ಒಳ್ಳೆಯ ಸಾಧನ. ಆದರೆ ಅದು ಅಳೆಯುವುದು ಯಂತ್ರದ ಸ್ವಂತ ಅಳತೆಗೋಲಿನಿಂದ. ಯಂತ್ರವೇ ಬಿಸಿಯಾಗಿ ಹಿಗ್ಗಿದ್ದರೆ, ತಪ್ಪಾಗಿ ಕೊರೆದದ್ದನ್ನು ಅಷ್ಟೇ ತಪ್ಪಾಗಿ ಅಳೆದು ಸರಿ ಎನ್ನುತ್ತದೆ. ಆದ್ದರಿಂದ ಮುಖ್ಯ ಅಳತೆಗಳನ್ನು ಹೊರಗೆ, ಏರ್ ಗೇಜ್ ಅಥವಾ ಬೋರ್ ಗೇಜಿನಿಂದ ನೋಡಲೇಬೇಕು.

ಹೊರಗಿನ ಅಳತೆಯಿಂದ ಆಫ್‌ಸೆಟ್ಟನ್ನು ತಾನೇ ತಿದ್ದುವಂತೆ ಮಾಡುವಾಗ ಅವಸರ ಬೇಡ. ಡ್ರಾಯಿಂಗಿನಲ್ಲಿ 32 ಎಚ್7 ಬೋರ್ (ತೂತು) ಎಂದಿದ್ದರೆ 32.000ದಿಂದ 32.025 ಮಿ.ಮೀ.ವರೆಗೆ ಅವಕಾಶ, ಗುರಿ 32.012ರ ಸುತ್ತ. ಒಂದು ಜಾಬ್ 32.018 ಬಂದಿತೆಂದು 6 ಮೈಕ್ರಾನ್ ತಿದ್ದಿದರೆ, ಮುಂದಿನದು ಸಹಜ ಏರಿಳಿತದಿಂದಲೇ 32.007 ಬರಬಹುದು, ಆಗ ಮತ್ತೆ ಮೇಲಕ್ಕೆ ತಿದ್ದುತ್ತದೆ. ಯಂತ್ರ ಸುಮ್ಮನಿದ್ದರೆ ಇದ್ದ ಏರಿಳಿತಕ್ಕಿಂತ ತಿದ್ದಿದ್ದರಿಂದ ಆದ ಏರಿಳಿತವೇ ದೊಡ್ಡದಾಗುತ್ತದೆ. ಕೊನೆಯ ಐದು ಜಾಬ್‌ಗಳ ಸರಾಸರಿಯನ್ನು ತೆಗೆದು, ವ್ಯತ್ಯಾಸದ ಅರ್ಧದಷ್ಟನ್ನು ಮಾತ್ರ ತಿದ್ದಿ. ಒಂದೇ ಸಲಕ್ಕೆ 10 ಮೈಕ್ರಾನಿಗಿಂತ ಹೆಚ್ಚು ತಿದ್ದಬೇಕೆಂದು ಲೆಕ್ಕ ಬಂದರೆ ತಿದ್ದದೆ ನಿಲ್ಲಿಸಿ. ಅಷ್ಟು ದೊಡ್ಡ ಜಿಗಿತ ಸವೆತದಿಂದ ಬರುವುದಿಲ್ಲ, ಇನ್ಸರ್ಟ್ ಮುರಿದಿರಬಹುದು ಅಥವಾ ಗೇಜಿನಲ್ಲಿ ಲೋಹದ ಚೂರು ಸಿಕ್ಕಿರಬಹುದು. ಯಾರೂ ನೋಡದೆ ಓಡಿಸುವ ಅಳತೆಗೆ ಸಿಪಿಕೆ (ಅಳತೆಗಳು ಮಿತಿಯೊಳಗೆ ಎಷ್ಟು ಭದ್ರವಾಗಿವೆ ಎಂಬುದರ ಸೂಚ್ಯಂಕ) 1.33 ಸಾಲದು, 1.67 ಬರುವವರೆಗೆ ಆ ಜಾಬ್ ಹಗಲಿನ ಪಾಳಿಯಲ್ಲಿಯೇ ಇರಲಿ.

ಈಗ ರೋಬೋ, ಬೇಕಿದ್ದರೆ

ಇಷ್ಟೆಲ್ಲ ಆದ ಮೇಲೆ ಜಾಬ್ ಹಾಕಿ ತೆಗೆಯುವುದನ್ನು ಯಾರು ಮಾಡಬೇಕೆಂದು ಯೋಚಿಸಿ. ಟರ್ನಿಂಗ್ ಜಾಬ್‌ಗಳು ರಾಡಿನಿಂದ ಆಗುವಂತಿದ್ದರೆ ರಾಡನ್ನು ತಾನೇ ಒಳಗೆ ತಳ್ಳುವ ಬಾರ್ ಫೀಡರ್ ಎಲ್ಲಕ್ಕಿಂತ ಅಗ್ಗ ಮತ್ತು ಸರಳ. ಸೈಕಲ್ ಸಮಯ 20 ನಿಮಿಷಕ್ಕಿಂತ ಹೆಚ್ಚಿದ್ದರೆ ಹಲವು ಜಾಬ್‌ಗಳನ್ನು ಕಟ್ಟಿದ ಪ್ಯಾಲೆಟ್‌ಗಳನ್ನು ಬದಲಿಸುವ ಸಾಧನ ಸಾಕು, ರೋಬೋದ ಅಗತ್ಯವಿಲ್ಲ. ಚಿಕ್ಕ ಸೈಕಲ್ಲಿನ ಬಿಡಿ ಜಾಬ್‌ಗಳಿಗೆ ಮಾತ್ರ ರೋಬೋ ತನ್ನ ಬೆಲೆಯನ್ನು ತೀರಿಸುತ್ತದೆ.

ರೋಬೋದ ಸಾಮರ್ಥ್ಯವನ್ನು ಜಾಬಿನ ತೂಕದಿಂದ ಲೆಕ್ಕ ಹಾಕಬೇಡಿ. ಹಳೆಯದನ್ನು ತೆಗೆದು ಹೊಸದನ್ನು ಇಡುವ ಜೋಡಿ ಗ್ರಿಪ್ಪರ್ 4 ಕೆ.ಜಿ., ಅದರಲ್ಲಿ ಒಂದೇ ಹೊತ್ತಿಗೆ 2.5 ಕೆ.ಜಿ.ಯ ಎರಡು ಜಾಬ್‌ಗಳು ಎಂದರೆ 9 ಕೆ.ಜಿ. ಆಯಿತು, ಅದೂ ಮಣಿಕಟ್ಟಿನಿಂದ ದೂರದಲ್ಲಿ ತೂಗುತ್ತದೆ.

ಯಂತ್ರ ಮತ್ತು ರೋಬೋ ನಡುವಿನ ಸಂಕೇತಗಳ ವಿನಿಮಯವನ್ನು ಪ್ರೋಗ್ರಾಂ ಬರೆಯುವುದಕ್ಕೆ ಮೊದಲು ಕಾಗದದ ಮೇಲೆ ಬರೆಯಿರಿ. ಸೈಕಲ್ ಮುಗಿಯಿತು, ಸ್ಪಿಂಡಲ್ ನಿಂತಿತು, ಬಾಗಿಲು ಪೂರ್ತಿ ತೆರೆಯಿತು ಎಂದು ಯಂತ್ರ ಹೇಳಬೇಕು. ಒಳಗೆ ಬಂದಿದ್ದೇನೆ, ಜಾಬನ್ನು ಹಿಡಿದಿದ್ದೇನೆ ಎಂದು ರೋಬೋ ಹೇಳಬೇಕು. ಆಗ ಚಕ್ ತೆರೆಯಬೇಕು, ತೆರೆಯಿತೆಂದು ಸ್ವಿಚ್ ಹೇಳಬೇಕು. ಹೊಸ ಜಾಬ್ ಚಕ್ಕಿನ ತಳಕ್ಕೆ ಅಂಟಿ ಕೂತಿದೆಯೆಂಬುದನ್ನು ಸಣ್ಣ ತೂತಿನಿಂದ ಗಾಳಿ ಬಿಟ್ಟು ಒತ್ತಡ ಏರಿದ್ದರಿಂದ ತಿಳಿಯಬೇಕು. ರೋಬೋ ಪೂರ್ತಿ ಹೊರಗೆ ಬಂದ ಮೇಲೆಯೇ ಬಾಗಿಲು ಮುಚ್ಚಬೇಕು. ಇಲ್ಲಿ ಒಂದು ನಿಯಮವನ್ನು ಎಂದೂ ಮುರಿಯಬೇಡಿ: ಆದೇಶ ಕೊಟ್ಟಿದ್ದೇವೆ ಎಂಬುದನ್ನು ಕೆಲಸ ಆಯಿತು ಎಂದು ಭಾವಿಸಬಾರದು. ಎರಡು ಸೆಕೆಂಡು ಕಾದು ಮುಂದಕ್ಕೆ ಹೋಗು ಎಂದು ಬರೆದ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಆರು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ದಿನ ಗಾಳಿಯ ಒತ್ತಡ ಇಳಿದು ಚಕ್ ನಿಧಾನವಾಗಿ ತೆರೆದಾಗ ರೋಬೋದ ಮಣಿಕಟ್ಟು ಮುರಿಯುತ್ತದೆ. ಗ್ರಿಪ್ಪರಿನಲ್ಲಿಯೂ ಗಾಳಿ ಹೋದರೆ ಜಾಬ್ ಬೀಳದಂತೆ ಸ್ಪ್ರಿಂಗ್ ಅಥವಾ ಚೆಕ್ ವಾಲ್ವ್ ಇರಬೇಕು.

ಬೇಲಿ, ಬಾಗಿಲಿನ ಇಂಟರ್‌ಲಾಕ್, ಎಮರ್ಜೆನ್ಸಿ ಸ್ವಿಚ್‌ಗಳನ್ನು ಸಾಧಾರಣ ಪಿಎಲ್‌ಸಿಯ (ಯಂತ್ರದ ಸ್ವಿಚ್‌ಗಳನ್ನು ನಡೆಸುವ ಕಂಪ್ಯೂಟರಿನ) ಮೂಲಕ ಹಾಯಿಸದೆ, ಸುರಕ್ಷತೆಗೆಂದೇ ಇರುವ ರಿಲೇಗೆ ಎರಡು ಪ್ರತ್ಯೇಕ ತಂತಿಗಳಲ್ಲಿ ಜೋಡಿಸಿ. ಒಂದು ತಂತಿ ಅಥವಾ ಸಂಪರ್ಕ ಕೆಟ್ಟರೂ ಇನ್ನೊಂದು ಯಂತ್ರವನ್ನು ನಿಲ್ಲಿಸಬೇಕು. ಒಳಗೆ ಹೋಗುವವರು ಬಾಗಿಲಿಗೆ ತಮ್ಮ ಸ್ವಂತ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಜನರ ಪಕ್ಕದಲ್ಲೇ ಕೆಲಸ ಮಾಡಲೆಂದು ರೂಪಿಸಿದ ಕೊಲಾಬೊರೇಟಿವ್ ರೋಬೋಗೆ ಬೇಲಿ ಬೇಡವೆಂದು ಮಾರುವವರು ಹೇಳುತ್ತಾರೆ. ಅದರ ಕೈಯಲ್ಲಿ ಚೂಪಾದ ಅಂಚಿನ ಜಾಬ್ ಇರುವಾಗ ಆ ಮಾತು ನಿಲ್ಲುವುದಿಲ್ಲ.

ರಾತ್ರಿ ಓಡಿಸುವ ಮೊದಲು

ಯಾರೂ ಇಲ್ಲದೆ ಓಡುವ ಯಂತ್ರವನ್ನು ಹೆಚ್ಚು ಸಲ ನಿಲ್ಲಿಸುವುದು ಉದ್ದನೆಯ ಚಿಪ್ಸ್. ಮೈಲ್ಡ್ ಸ್ಟೀಲ್ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಸುರುಳಿಗಳು ಟೂಲಿಗೆ, ಚಕ್ಕಿಗೆ, ಗ್ರಿಪ್ಪರಿಗೆ ಸುತ್ತಿಕೊಳ್ಳುತ್ತವೆ. ಫೀಡ್ ಹೆಚ್ಚಿಸಿ, ಚಿಪ್ ಬ್ರೇಕರ್ ಬದಲಿಸಿ, ಕೂಲಂಟಿನ ಒತ್ತಡ ಏರಿಸಿ ಚಿಪ್ಸ್ ಬೆರಳುದ್ದಕ್ಕಿಂತ ಕಡಿಮೆ ತುಂಡಾಗುವಂತೆ ಮಾಡಿ. ತುಂಡಾಗದ ಜಾಬನ್ನು ರಾತ್ರಿಗೆ ಒಯ್ಯಬೇಡಿ. ನೀರು ಬೆರೆಸದ ಎಣ್ಣೆಯನ್ನೇ ಕೂಲಂಟಾಗಿ ಬಳಸುವ ಯಂತ್ರವನ್ನು ತಾನೇ ಬೆಂಕಿ ಆರಿಸುವ ವ್ಯವಸ್ಥೆ ಇಲ್ಲದೆ ಒಂಟಿಯಾಗಿ ಬಿಡಲೇಬಾರದು.

ನಿಯಂತ್ರಕದ ನೆನಪನ್ನು ಉಳಿಸುವ ಬ್ಯಾಟರಿಯ ಬಗ್ಗೆ ನನಗಾದ ಅನುಭವವನ್ನು ಹೇಳಬೇಕು. ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ನಿಯಂತ್ರಕ ವಾರಗಟ್ಟಲೆ ಬ್ಯಾಟರಿಯ ಎಚ್ಚರಿಕೆ ತೋರಿಸುತ್ತಿದ್ದರೂ ನಾವು ಗಮನಿಸಲಿಲ್ಲ. ದೀಪಾವಳಿಯ ರಜೆಯಲ್ಲಿ ನಾಲ್ಕು ದಿನ ಮುಖ್ಯ ಸ್ವಿಚ್ ಆರಿಸಿ ಹೋಗಿದ್ದೆವು. ಬಂದು ನೋಡಿದರೆ ಪ್ಯಾರಾಮೀಟರ್‌ಗಳು, ಆಫ್‌ಸೆಟ್‌ಗಳು, ಮ್ಯಾಕ್ರೋಗಳು (ವೇರಿಯಬಲ್ ಬಳಸಿ ಬರೆದ ಪ್ರೋಗ್ರಾಂಗಳು) ಎಲ್ಲವೂ ಅಳಿಸಿಹೋಗಿದ್ದವು. ಪ್ರತಿ ನಕಲೂ ಯಂತ್ರದೊಳಗೇ ಇತ್ತು. ಮತ್ತೆ ಓಡಿಸಲು ಒಂಬತ್ತು ದಿನ ಬೇಕಾಯಿತು. ಅಂದಿನಿಂದ ತಿಂಗಳ ಮೊದಲ ಸೋಮವಾರ ಎಲ್ಲ ಯಂತ್ರಗಳ ಪ್ಯಾರಾಮೀಟರ್, ಲ್ಯಾಡರ್, ಪ್ರೋಗ್ರಾಂಗಳನ್ನು ಹೊರಗೆ ನಕಲು ಮಾಡುತ್ತೇನೆ. ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಯಂತ್ರಕ್ಕೆ ಕರೆಂಟ್ ಇರುವಾಗಲೇ ಬದಲಿಸುತ್ತೇನೆ.

ನಿಮ್ಮ ಸೆಟ್ಟರನ್ನು ಈ ಕೆಲಸದ ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಫಿಕ್ಸ್ಚರಿನ ಮೊದಲ ಚಿತ್ರವನ್ನು ಅವರೇ ಬರೆಯಲಿ, ಮ್ಯಾಕ್ರೋ ಕಲಿಯಲು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಕಡೆಗೆ ಕಳಿಸಿ, ಕಲಿತು ಬಂದ ಮೇಲೆ ಸಂಬಳವನ್ನೂ ಏರಿಸಿ. ಇಷ್ಟು ದಿನ ಯಂತ್ರದ ದನಿ ಕೇಳಿ ಇನ್ಸರ್ಟ್ ಸವೆದದ್ದನ್ನು ಹೇಳುತ್ತಿದ್ದವರ ತಿಳಿವಳಿಕೆ ಸಂಖ್ಯೆಗಳಾಗಿ ನಿಯಂತ್ರಕದೊಳಗೆ ಇಳಿಯಬೇಕಾದರೆ ಬೇರೆ ದಾರಿಯಿಲ್ಲ.

ಮೊದಲ ರಾತ್ರಿಗೆ ಎಂಟು ಗಂಟೆಯ ಕೆಲಸ ಹಾಕಬೇಡಿ. ಸಂಜೆ ಪಾಳಿ ಮುಗಿದ ಮೇಲೆ ಎರಡು ಗಂಟೆಗಾಗುವಷ್ಟು ಜಾಬ್‌ಗಳನ್ನು, ಅದೂ ಎರಡೇ ಬಗೆಯವನ್ನು ಇಟ್ಟು, ಎಲ್ಲ ಮುಗಿದ ಮೇಲೆ ಸ್ಪಿಂಡಲ್, ಕೂಲಂಟ್ ಮೋಟಾರ್ ಮತ್ತು ಗಾಳಿ ತಾವೇ ಆರುವಂತೆ ಮಾಡಿ, ಸೆಟ್ಟರ್ ಜೊತೆ ನೀವೂ ಬೇಲಿಯ ಹೊರಗೆ ಕೈಕಟ್ಟಿ ಕೂತು ನೋಡಿ. ಏನನ್ನಾದರೂ ಮುಟ್ಟಬೇಕೆನಿಸಿದಾಗಲೆಲ್ಲ ಯಾಕೆ ಹಾಗೆನಿಸಿತೆಂದು ಬರೆದುಕೊಳ್ಳಿ. ಆ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಸರಿಪಡಿಸಿ, ಸತತ ಹತ್ತು ಸಂಜೆ ಏನನ್ನೂ ಮುಟ್ಟಬೇಕಾಗದೆ ಕಳೆದ ಮೇಲೆ ನಾಲ್ಕು ಗಂಟೆಗೆ ಏರಿಸಿ. ನಾಲ್ಕು ಗಂಟೆಯ ಓಟ ಒಂದು ತಿಂಗಳು ಹಾಗೆಯೇ ನಡೆದ ಮೇಲೆ ದೀಪ ಆರಿಸಿ ಮನೆಗೆ ಹೋಗಬಹುದು.